ಎರಡನೆಯ ಪ್ರಶ್ನೆ

ಕಳೆದ ಮಂಗಳವಾರ ಲುವಾಸ್ ಟ್ರಾಮಿನಲ್ಲಿ ನನ್ನ ಎದುರು ಕುಳಿತಿದ್ದ ಹೆಂಗಸೊಬ್ಬರು ಚೀಲದಿಂದ ಪೊಟ್ಟಣವೊಂದನ್ನು ತೆಗೆದು ಬಿಡಿಸಿದರು. ಒಳಗೆ ಮೊಟ್ಟೆ-ಈರುಳ್ಳಿಯ ಸ್ಯಾಂಡ್‌ವಿಚ್ಚು. ಹೊರಗೆ ಜಿಟಿಜಿಟಿ ಮಳೆ, ಕಿಟಕಿಗಳೆಲ್ಲ ಮುಚ್ಚಿವೆ. ಅಂಥ ಹೊತ್ತಿನಲ್ಲಿ ಆ ವಾಸನೆ ಬೋಗಿಯಿಂದ ಬೋಗಿಗೆ ಟಿಕೆಟ್ಟಿಲ್ಲದೆ ಓಡಾಡುತ್ತದೆ. ಪಕ್ಕದವರು ಮೂಗು ಮುರಿದರು. ನಾನೊಬ್ಬಳೇ ನಕ್ಕೆ. ನನ್ನ ಜೀವಮಾನದಲ್ಲಿ ನಾನು ಅಧ್ಯಕ್ಷತೆ ವಹಿಸಿದ್ದು ಒಂದೇ ಒಂದು ಸಂಸತ್ತಿಗೆ, ಅದು ಅಂಗೀಕರಿಸಿದ ಮೊದಲ ನಿರ್ಣಯ ಈ ಸ್ಯಾಂಡ್‌ವಿಚ್ಚಿನ ಬಗ್ಗೆಯೇ ಇತ್ತು.

ಸಂಸತ್ತು ಎಂದೊಡನೆ ಎದ್ದು ನಿಲ್ಲಬೇಡಿ. ಅದು ಸ್ಯಾಂಡಿಫರ್ಡಿನ ಆಫೀಸೊಂದರ ತರಬೇತಿ ಕೋಣೆ. ಅಂದು ನಾನು ಹೋಗುತ್ತಿದ್ದದ್ದೂ ಅಲ್ಲಿಗೇ, ಎಷ್ಟೋ ವರ್ಷಗಳ ನಂತರ, ಒಂದು ಪಾಠ ಮಾಡಿ ಬರಲು. ಆ ಕೋಣೆಯಲ್ಲಿ ಕಲಿತ ಒಂದೇ ಒಂದು ವಾಕ್ಯಕ್ಕಾಗಿ ಮೀರಾ ಎಂಬ ಹೆಂಗಸು ತನ್ನ ಕುರ್ಚಿಯನ್ನು ಕಳೆದುಕೊಂಡಿದ್ದಳು. ಆ ವಾಕ್ಯವಾದರೂ ಉಳಿಯಿತೋ, ಅವಳ ಜೊತೆಗೇ ಹೋಯಿತೋ ಎಂಬುದು ಟ್ರಾಮಿನಲ್ಲಿ ಕುಳಿತಾಗ ನನಗೆ ಗೊತ್ತಿರಲಿಲ್ಲ. ಸ್ಯಾಂಡಿಫರ್ಡ್ ಬರುವುದರೊಳಗೆ ನಿಮಗೆ ಎಲ್ಲ ಹೇಳುತ್ತೇನೆ. ಸುತ್ತಿ ಬಳಸಿ ಹೇಳುವುದು ನನ್ನ ಅಭ್ಯಾಸ. ಸ್ಟಾಪು ತಪ್ಪಿದರೆ ಇಬ್ಬರೂ ಮಾತಾಡುತ್ತ ನಡೆದು ವಾಪಸು ಬರೋಣ.

ಮದುವೆಯಾಗಿ ಈ ಐರಿಶ್ ನಾಡಿಗೆ ಬರುವ ಮೊದಲು ನಾನು ಬೆಂಗಳೂರಿನಲ್ಲಿ ಶಾಸನಸಭೆಯ ವರದಿಗಾರ್ತಿಯಾಗಿದ್ದೆ. ಪತ್ರಿಕೆಯವರಂತೆ ಬೇಕಾದ್ದನ್ನು ಆರಿಸಿ ಬರೆಯುವ ಭಾಗ್ಯ ನಮಗಿರಲಿಲ್ಲ. ಸದನದ ನಡುವಿನ ಮೇಜಿಗೆ ಕುಳಿತು, ಯಾರು ಏನೆಂದರೋ ಅದನ್ನು ಅಂದ ಹಾಗೆಯೇ ಶೀಘ್ರಲಿಪಿಯಲ್ಲಿ ಹಿಡಿಯಬೇಕು. ಎಲ್ಲರೂ ಒಟ್ಟಿಗೆ ದನಿಯೆತ್ತಿದರೆ ಕಂಸದಲ್ಲಿ ‘ಗೊಂದಲ’ ಎಂದು ಬರೆದು ಕೈ ಕೊಡವಿಕೊಳ್ಳುತ್ತಿದ್ದೆವು. ಅದನ್ನು ಎಷ್ಟು ಸಲ ಬರೆದಿದ್ದೆನೆಂದರೆ, ನನ್ನ ಮದುವೆಯ ಛತ್ರದಲ್ಲಿ ಊಟದ ಪಂಕ್ತಿಯ ವಿಷಯಕ್ಕೆ ಎರಡೂ ಕಡೆಯವರು ಏರುದನಿಯಲ್ಲಿದ್ದಾಗ ನನ್ನ ಬೆರಳು ತಾನಾಗಿಯೇ ಧಾರೆ ಸೀರೆಯ ಮೇಲೆ ಆ ಪದವನ್ನು ಗೀಚುತ್ತಿತ್ತು.

ಒಂದು ಗಳಿಗೆಯಲ್ಲಿ ಮಾತ್ರ ಕೈ ಕೊಡವುವಂತಿರಲಿಲ್ಲ. ಅದು ಸಭಾಧ್ಯಕ್ಷರು ಪ್ರಸ್ತಾವವನ್ನು ಮತಕ್ಕೆ ಹಾಕುವ ಗಳಿಗೆ. ‘ಪರವಾಗಿರುವವರು ಹೌದು ಎನ್ನಿ’ ಎಂಬುದು ಮೊದಲನೆಯ ಪ್ರಶ್ನೆ. ‘ವಿರುದ್ಧವಾಗಿರುವವರು ಇಲ್ಲ ಎನ್ನಿ’ ಎಂಬುದು ಎರಡನೆಯದು. ನನಗೆ ಕೆಲಸ ಕಲಿಸಿದ ಹಿರಿಯರೊಬ್ಬರಿದ್ದರು, ಸದಾ ಬಾಯಲ್ಲಿ ಅಡಿಕೆಪುಡಿ. ಅವರು ಹೇಳುತ್ತಿದ್ದರು: “ಹೌದು ಅನ್ನೋದು ಕಿವಿ ಮುಚ್ಕೊಂಡ್ರೂ ಕೇಳಿಸ್ತದೆ ಕಣಮ್ಮ. ನೀನು ಇಲ್ಲ ಅನ್ನೋರ ಕಡೆ ಕಿವಿ ಇಟ್ಕೊಂಡಿರು.” ಇಪ್ಪತ್ತರ ಹರೆಯದಲ್ಲಿ ಕಿವಿಗೆ ಬಿದ್ದ ಮಾತು ಸುಲಭಕ್ಕೆ ಹೋಗುವುದಿಲ್ಲ. ನನ್ನ ಗಂಡನ ಪ್ರಕಾರ ನನಗೆ ಅಂದಿನಿಂದ ಆ ಒಂದು ಪದ ಬಿಟ್ಟರೆ ಬೇರೇನೂ ಕೇಳಿಸಿಲ್ಲ.

ಗಂಡ ಇಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ವೈದ್ಯರು. ಮಾತಾಡುವವರನ್ನು ಮಲಗಿಸುವುದು ಅವರ ಕೆಲಸ, ಮಾತನ್ನು ಮಲಗಗೊಡದಿರುವುದು ನನ್ನದು. ಆಡಮ್ಸ್‌ಟೌನಿನಲ್ಲಿ ಮನೆ ಮಾಡಿದೆವು, ಮಗಳು ಇಂಚರ ಹುಟ್ಟಿದಳು. ಅವಳು ಶಾಲೆಗೆ ಹೋಗತೊಡಗಿದ ಮೇಲೆ ನನಗೆ ಸ್ಯಾಂಡಿಫರ್ಡಿನ ಒಂದು ಸಣ್ಣ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಆಳುವವರ ಕೈ ಬದಲಾಗಿ, ಹೊಸದಾಗಿ ಚುನಾವಣೆ ಕಂಡು, ಪ್ರಜಾಪ್ರಭುತ್ವವನ್ನು ರೂಢಿ ಮಾಡಿಕೊಳ್ಳುತ್ತಿರುವ ದೇಶಗಳಿವೆಯಲ್ಲ, ಅಂಥ ಕಡೆಯ ಸಂಸತ್ತಿನ ಸಿಬ್ಬಂದಿಯನ್ನು ಕರೆಸಿ ತರಬೇತಿ ಕೊಡುವ ಸಂಸ್ಥೆ. ‘ಸಾಮರ್ಥ್ಯ ವರ್ಧನೆ’ ಎಂದು ಆ ಕೆಲಸಕ್ಕೆ ಹೆಸರು. ಕೇಳಿದರೆ ಲೇಹ್ಯದ ಡಬ್ಬಿಯ ಮೇಲೆ ಬರೆದ ಹಾಗಿದೆ. ನಮ್ಮ ಮುಖ್ಯಸ್ಥ ಡೆಕ್ಲನ್ ಒಳ್ಳೆಯ ಮನುಷ್ಯ. ಮಳೆ ಬಂದರೂ ಗ್ರ್ಯಾಂಡ್, ಅಂದರೆ ಎಲ್ಲ ಸರಿಯಾಗಿದೆ ಎಂದು, ಪ್ರೊಜೆಕ್ಟರ್ ಕೆಟ್ಟರೂ ಗ್ರ್ಯಾಂಡ್. ಅವರ ಬಾಯಲ್ಲಿ ಗ್ರ್ಯಾಂಡ್ ಬಾರದ ದಿನ ನಾವು ಹೆದರುತ್ತಿದ್ದೆವು.

ಮೀರಾ ಬಂದದ್ದು ಅಂಥದೊಂದು ತಂಡದಲ್ಲಿ. ದೇಶದ ಹೆಸರು ಬರೆಯುವುದಿಲ್ಲ, ಮೀರಾ ಎಂಬುದೂ ನಾನಿಟ್ಟ ಹೆಸರು. ಏಕೆಂದು ಮುಂದೆ ನಿಮಗೇ ತಿಳಿಯುತ್ತದೆ. ನನಗಿಂತ ಸ್ವಲ್ಪ ಚಿಕ್ಕವಳು, ಗಿಡ್ಡಗೆ, ಬಿಗಿಯಾಗಿ ಕಟ್ಟಿದ ಕೂದಲು. ನಗು ಬಂದರೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ತನ್ನ ಸಂಸತ್ತಿನಲ್ಲಿ ಅವಳು ಸಭಾಧ್ಯಕ್ಷರ ಪೀಠದ ಕೆಳಗೆ ಕೂರುವ ಅಧಿಕಾರಿ. ಅಧ್ಯಕ್ಷರು ಏನು ಓದಬೇಕೋ ಅದನ್ನು ಹಾಳೆಯ ಮೇಲೆ ಸಿದ್ಧಪಡಿಸಿ ಮೇಲಕ್ಕೆ ಕೊಡುವುದು ಅವಳ ಕೆಲಸ. ಎಲ್ಲ ಸಂಸತ್ತುಗಳಲ್ಲೂ ಹೆಚ್ಚು ಕಡಿಮೆ ಹೀಗೇ. ಪೀಠದಿಂದ ಗಂಭೀರವಾಗಿ ಹೊರಡುವ ವಾಕ್ಯ ಅದರ ಕೆಳಗಿನ ಮೇಜಿನಲ್ಲಿ ಯಾರೋ ಬೆಳಿಗ್ಗೆ ಕಾಫಿ ಕುಡಿಯುತ್ತ ಬರೆದದ್ದಾಗಿರುತ್ತದೆ.

ಮೊದಲ ದಿನ ನಾನು ಕೇಳಿದೆ, “ನಿಮ್ಮಲ್ಲಿ ಮತಕ್ಕೆ ಹೇಗೆ ಹಾಕುತ್ತಾರೆ?” ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು, ನಿಮಗಾಗಿ ಕನ್ನಡದಲ್ಲಿ ಹೇಳುತ್ತಿದ್ದೇನೆ. ತಂಡದ ಹಿರಿಯರು, ಟೈಗೆ ಬೆಳ್ಳಿಯ ಪಿನ್ನು ಚುಚ್ಚಿಕೊಂಡಿದ್ದ ಯಜಮಾನರೊಬ್ಬರು, ಎಲ್ಲರ ಪರವಾಗಿ ಉತ್ತರಿಸಿದರು. “ಅಧ್ಯಕ್ಷರು ಒಪ್ಪಿಗೆಯೇ ಎಂದು ಕೇಳುತ್ತಾರೆ. ಸದಸ್ಯರು ಚಪ್ಪಾಳೆ ತಟ್ಟುತ್ತಾರೆ. ಸರ್ವಾನುಮತದಿಂದ ಅಂಗೀಕಾರವಾಗುತ್ತದೆ.”

“ಆಮೇಲೆ?”

“ಆಮೇಲೆ ಮುಂದಿನ ವಿಷಯ.”

“ವಿರುದ್ಧ ಇರುವವರನ್ನು ಕೇಳುವುದಿಲ್ಲವೇ?”

ಅವರು ಮಗುವಿಗೆ ಸಮಾಧಾನ ಹೇಳುವ ದನಿಯಲ್ಲಿ, “ಹೊಸ ನಿಯಮದಲ್ಲಿ ಹಾಗೆ ಬರೆದಿದೆಯಂತೆ. ಆದರೆ ನಮ್ಮಲ್ಲಿ ಒಗ್ಗಟ್ಟು ಜಾಸ್ತಿ,” ಎಂದರು. ಮೀರಾ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಸರಿ, ಅಣಕು ಸದನ ಮಾಡಿಸಿಯೇ ಬಿಡೋಣ ಎಂದು ನಾನು ಅಧ್ಯಕ್ಷಳಾಗಿ ಕುಳಿತೆ. ತಂಡಕ್ಕೆ ಮಧ್ಯಾಹ್ನ ಕೆಳಗಿನ ಕೆಫೆಯಿಂದ ಬಿಸಿ ಊಟ ಬರುತ್ತಿತ್ತು, ಸೂಪು, ಬೇಯಿಸಿದ ಆಲೂಗಡ್ಡೆ, ಏನಾದರೊಂದು ಸಾರು. ಅವರೆಲ್ಲ ಬಿಸಿ ಊಟದ ಜನ, ತಣ್ಣನೆಯ ಬ್ರೆಡ್ಡು ಕಂಡರೆ ಮುಖ ಕಿವಿಚುತ್ತಿದ್ದರು. ಅದಕ್ಕೇ ನಾನು ಬೇಕೆಂದೇ ಪ್ರಸ್ತಾವ ಮಂಡಿಸಿದೆ: ಇಂದಿನಿಂದ ಊಟಕ್ಕೆ ಮೊಟ್ಟೆ-ಈರುಳ್ಳಿಯ ಸ್ಯಾಂಡ್‌ವಿಚ್ಚು ಮಾತ್ರ. ಪರವಾಗಿರುವವರು? ಕೋಣೆ ತುಂಬ ಚಪ್ಪಾಳೆ. ನಾನು ಮುಗುಳ್ನಕ್ಕು ಎರಡನೆಯ ಪ್ರಶ್ನೆ ಕೇಳಿದೆ. ವಿರುದ್ಧವಾಗಿರುವವರು?

ಅದಕ್ಕೂ ಚಪ್ಪಾಳೆ ತಟ್ಟಿದರು. ಅಷ್ಟೇ ಜೋರಾಗಿ.

ಅವರ ತಪ್ಪಲ್ಲ. ಅಧ್ಯಕ್ಷರ ವಾಕ್ಯ ಮುಗಿದೊಡನೆ ಚಪ್ಪಾಳೆ ತಟ್ಟಬೇಕೆಂದು ಅವರ ಕೈಗಳಿಗೆ ಗೊತ್ತಿತ್ತು, ವಾಕ್ಯ ಏನು ಹೇಳಿತೆಂಬುದು ಕೈಗಳಿಗೆ ಬೇಡದ ವಿಷಯ. ನಾನು ಗಂಟಲು ಸರಿ ಮಾಡಿಕೊಂಡು ತೀರ್ಪು ಕೊಟ್ಟೆ. “ಪ್ರಸ್ತಾವ ಸರ್ವಾನುಮತದಿಂದ ಅಂಗೀಕಾರವಾಗಿದೆ ಮತ್ತು ಸರ್ವಾನುಮತದಿಂದ ತಿರಸ್ಕೃತವಾಗಿದೆ. ಮೊದಲು ಆದದ್ದು ಅಂಗೀಕಾರ, ಆದ್ದರಿಂದ ಅದೇ ಜಾರಿ.” ಎಲ್ಲರೂ ನಕ್ಕರು, ತಮಾಷೆ ಎಂದುಕೊಂಡು. ಮಧ್ಯಾಹ್ನ ಸ್ಯಾಂಡ್‌ವಿಚ್ಚು ಬಂತು. ಮರುದಿನವೂ ಬಂತು. ನಾನು ಕೆಫೆಯವರಿಗೆ ಬಿಸಿ ಊಟ ಬೇಡವೆಂದು ಖುದ್ದಾಗಿ ಹೇಳಿ ಬಂದಿದ್ದೆ.

ಡೆಕ್ಲನ್ ಓಡಿ ಬಂದರು. “ಅತಿಥಿಗಳನ್ನು ಹೀಗೆ ಉಪವಾಸ ಕೆಡವಿದರೆ ಹೇಗೆ?”

“ಸದನದ ತೀರ್ಮಾನ,” ಎಂದೆ. “ಅವರು ಬದಲಾಯಿಸಿಕೊಳ್ಳಬಹುದು. ಒಂದು ಪದ ಸಾಕು.”

ನನ್ನನ್ನು ಹಟಮಾರಿ ಎನ್ನುವವರ ಸಾಲು ಉದ್ದವಿದೆ, ಸಾಲಿನ ಮುಂದೆ ನನ್ನ ಅಮ್ಮ ನಿಂತಿರುತ್ತಾಳೆ. ಇರಲಿ. ನಾನು ಮಾತ್ರ ಅವರೆದುರು ಡಬ್ಬಿಯಿಂದ ಬಿಸಿ ಬಿಸಿ ಪುಳಿಯೋಗರೆ ತಿನ್ನುತ್ತಿದ್ದೆ ಎಂಬುದನ್ನು ಸೇರಿಸಿದರೆ ನೀವೂ ಆ ಸಾಲಿಗೆ ಬಂದು ಸೇರುತ್ತೀರಿ.

ನೋಡಿ, ಇಲ್ಲ ಎನ್ನಲಾಗದ ರೋಗ ಅವರೊಬ್ಬರದೇ ಅಲ್ಲ. ನಮ್ಮವರು ‘ನೋಡೋಣ’ ಎಂದರೆ ಆ ಕೆಲಸ ಆಗುವುದಿಲ್ಲ ಎಂದೇ ಅರ್ಥ. ‘ಟ್ರೈ ಮಾಡ್ತೀನಿ’ ಎಂದರೆ ಫೋನು ಇಟ್ಟ ಮೇಲೆ ಮರೆಯುತ್ತೇನೆ ಎಂದು. ಐರಿಶ್ ಜನ ನಮಗಿಂತ ಒಂದು ಕೈ ಮೇಲು. ಇಲ್ಲಿ ಯಾರಾದರೂ ಎಳೆದ ದನಿಯಲ್ಲಿ ‘ಐ ವಿಲ್, ಯಾ’ ಎಂದರೆ ಸತ್ತರೂ ಮಾಡುವುದಿಲ್ಲ ಎಂದರ್ಥ. ಇದು ತಿಳಿಯದೆ ನಾನು ಬಂದ ಹೊಸತರಲ್ಲಿ ಪೇಂಟರ್‌ಗಾಗಿ ಒಂದು ಇಡೀ ಬೇಸಿಗೆ ಕಾದಿದ್ದೆ. ಆ ಸ್ಯಾಂಡ್‌ವಿಚ್ಚಿನ ವಾರದಲ್ಲೇ ಇಂಚರ ಊಟದ ಮೇಜಿನಲ್ಲಿ ಕುಳಿತು ಶಾಲೆಯ ಐರಿಶ್ ಪಾಠ ಉರು ಹೊಡೆಯುತ್ತಿದ್ದಳು. ತಾ, ನೀಲ್, ತಾ, ನೀಲ್.

“ಏನೇ ಅದು?” ಎಂದೆ.

“ತಾ ಈಸ್ ಲೈಕ್ ಯೆಸ್, ನೀಲ್ ಈಸ್ ನೋ. ಬಟ್ ನಾಟ್ ರಿಯಲಿ, ಅಮ್ಮಾ. ಐರಿಶ್‌ನಲ್ಲಿ ಯೆಸ್, ನೋ ಇಲ್ವೇ ಇಲ್ಲ. ತಾ ಮೀನ್ಸ್ ಇಟ್ ಈಸ್. ನೀಲ್ ಮೀನ್ಸ್ ಇಟ್ ಈಸಂಟ್.”

“ಅಂದ್ರೆ ಐತೆ, ಇಲ್ಲ.”

ಅವಳು ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದಳು. “ಯಾ. ನೀಲ್. ಇಲ್ಲ. ದೆ ಈವನ್ ಸೌಂಡ್ ದಿ ಸೇಮ್.”

ಇಲ್ಲಿಯ ಸಂಸತ್ತಿನಲ್ಲಿ ಮತ ಎಣಿಸುವುದೂ ಆ ಎರಡು ಪದಗಳಲ್ಲೇ, ತಾ ಎಷ್ಟು, ನೀಲ್ ಎಷ್ಟು. ನಾನು ಅದನ್ನು ಎಷ್ಟೋ ಸಲ ಕೇಳಿದ್ದರೂ ಅದು ನಮ್ಮ ‘ಇಲ್ಲ’ವೇ ಎಂದು ಹೊಳೆದಿರಲಿಲ್ಲ. ಮರುದಿನ ತಂಡಕ್ಕೆ ಇದನ್ನು ಹೇಳಿದೆ. ಎಲ್ಲರೂ ವಿನಯದಿಂದ ತಲೆಯಾಡಿಸಿದರು. ಮೀರಾ ಮಾತ್ರ ಕೈ ಎತ್ತಿ, “ನೀವು ಫೋನಿನಲ್ಲಿ ಮಗಳಿಗೆ ದಿನವೂ ಹೇಳುತ್ತಲೇ ಇರುತ್ತೀರಲ್ಲ, ಆ ಪದವೇ?” ಎಂದು ಕೇಳಿದಳು. ಶಾಲೆ ಬಿಟ್ಟೊಡನೆ ಇಂಚರ ಫೋನು ಮಾಡುತ್ತಿದ್ದಳು, ಐಸ್‌ಕ್ರೀಂ ತಿನ್ನಲಾ, ಟಿವಿ ಹಾಕಲಾ, ಗೆಳತಿಯ ಮನೆಗೆ ಹೋಗಲಾ. ನನ್ನ ಉತ್ತರವನ್ನು ಇಡೀ ತಂಡ ಬಾಯಿಪಾಠ ಮಾಡಿಕೊಂಡಿತ್ತೆಂದು ನನಗೆ ಆಗಲೇ ಗೊತ್ತಾದದ್ದು.

“ಅದೇ,” ಎಂದೆ. ಮತ್ತೆ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತು ಸ್ಯಾಂಡ್‌ವಿಚ್ಚಿನ ಪ್ರಸ್ತಾವವನ್ನೇ ಮಂಡಿಸಿದೆ. ಮೊದಲ ಪ್ರಶ್ನೆಗೆ ಸಣ್ಣ ಚಪ್ಪಾಳೆ. ಎರಡನೆಯ ಪ್ರಶ್ನೆಗೆ ಒಂದೆರಡು ಕೈ ಮೇಲೆದ್ದು ಅಲ್ಲೇ ನಿಂತವು. ಆಗ ಮೀರಾ, ತನ್ನ ಭಾಷೆಯಲ್ಲೂ ಅಲ್ಲದೆ ಇಂಗ್ಲಿಷಿನಲ್ಲೂ ಅಲ್ಲದೆ, ಮೆಲ್ಲಗೆ, “ಇಲ್ಲ,” ಎಂದಳು. ಲಕಾರ ಸ್ವಲ್ಪ ಮೆತ್ತಗಿತ್ತು. ಪಕ್ಕದವನು ನಕ್ಕು ತಾನೂ, “ಇಲ್ಲ,” ಎಂದ. ಆಮೇಲೆ ಹಿಂದಿನ ಸಾಲು. ತಮ್ಮ ಭಾಷೆಯಲ್ಲಿ ಹಿರಿಯರೆದುರು ಆಡಲಾಗದ ಪದವನ್ನು ಅವರು ನನ್ನ ಭಾಷೆಯಲ್ಲಿ ಆಡಿದರು. ಟೈಪಿನ್ ಯಜಮಾನರೊಬ್ಬರೇ ಸುಮ್ಮನಿದ್ದರು. ಅಂದು ಮಧ್ಯಾಹ್ನ ಕೆಫೆಯಿಂದ ಬಿಸಿ ಸಾರು ಬಂತು, ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು.

ಇದಿಷ್ಟೇ ಆಗಿದ್ದರೆ ತಮಾಷೆಯ ಕಥೆ ಹೇಳಿ ನಾನು ಟ್ರಾಮಿನಿಂದ ಇಳಿದುಬಿಡುತ್ತಿದ್ದೆ. ಆ ಶನಿವಾರ ಮೀರಾಳನ್ನು ಕ್ಯಾಸಲ್‌ನಾಕ್ ಕಡೆಯಿಂದ ಫೀನಿಕ್ಸ್ ಪಾರ್ಕಿಗೆ ಕರೆದುಕೊಂಡು ಹೋದೆ. ಅವಳಿಗೆ ಜಿಂಕೆ ನೋಡುವ ಆಸೆಯಿತ್ತು. ಜಿಂಕೆಗಳು ಕಂಡವು, ಅವಳು ನೋಡಲಿಲ್ಲ.

“ಮುಂದಿನ ತಿಂಗಳು ನಮ್ಮಲ್ಲಿ ಒಂದು ಮಸೂದೆ ಬರುತ್ತದೆ,” ಎಂದಳು. “ಚುನಾವಣೆ ಮುಂದೆ ಹಾಕಿ ಈಗಿನ ರಾಷ್ಟ್ರಾಧ್ಯಕ್ಷರ ಅವಧಿ ಹೆಚ್ಚಿಸುವ ಮಸೂದೆ. ಹೊಸ ಸದಸ್ಯರಲ್ಲಿ ಕೆಲವರಿಗೆ ಒಪ್ಪಿಗೆಯಿಲ್ಲ. ಆದರೆ ಅವರನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಅವರ ಮೌನವೂ ಹೌದು ಎಂದೇ ದಾಖಲಾಗುತ್ತದೆ. ಅವರು ಊರಿಗೆ ಹೋದಾಗ ಜನ ಕೇಳುತ್ತಾರೆ, ನೀನೂ ಒಪ್ಪಿದೆಯಲ್ಲ ಎಂದು.”

“ಸಭಾಧ್ಯಕ್ಷರ ಹಾಳೆ ಬರೆಯುವವರು ನೀವೇ ಅಲ್ಲವೇ?”

“ನಾನೇ. ನಮ್ಮ ಸಭಾಧ್ಯಕ್ಷರಿಗೆ ವಯಸ್ಸಾಗಿದೆ, ಹಾಳೆಯಲ್ಲಿ ಇರುವುದನ್ನು ಇದ್ದ ಹಾಗೆ ಓದುತ್ತಾರೆ. ಎರಡನೆಯ ಪ್ರಶ್ನೆ ಬರೆದಿಟ್ಟರೆ ಅದನ್ನೂ ಓದುತ್ತಾರೆ. ಆಮೇಲೆ ನನ್ನನ್ನು ಕೇಳುತ್ತಾರೆ, ಇದನ್ನು ಬರೆಯಲು ನಿನಗೆ ಯಾರು ಹೇಳಿದರು ಎಂದು. ನನ್ನ ಹತ್ತಿರ ಒಂದು ಉತ್ತರ ಇರಬೇಕು. ನಿಮ್ಮ ತರಬೇತಿಯ ವರದಿಯಲ್ಲಿ ಇದೇ ಸರಿಯಾದ ಕ್ರಮ ಎಂದು ಇದ್ದರೆ, ಅದು ಉತ್ತರವಾಗುತ್ತದೆ,” ಎಂದಳು.

ಅಳು, ಗೋಳು ಯಾವುದೂ ಇರಲಿಲ್ಲ. ಮನೆಗೆ ಬಂದು ವರದಿಯಲ್ಲಿ ಒಂದು ಪ್ಯಾರಾ ಬರೆದೆ, ಎರಡೂ ಪ್ರಶ್ನೆಗಳನ್ನು ಕೇಳಲೇಬೇಕು, ಎರಡನೆಯದಕ್ಕೆ ಉತ್ತರ ಬರುವಷ್ಟು ಹೊತ್ತು ಕಾಯಲೇಬೇಕು ಎಂದು. ಸೋಮವಾರ ಡೆಕ್ಲನ್ ಕರೆದರು. ಟೈಪಿನ್ ಯಜಮಾನರು ಅವರ ಕಿವಿಯಲ್ಲಿ ಏನೋ ಹೇಳಿದ್ದರು. “ಆ ಒಂದು ಪ್ಯಾರಾ ಬಿಟ್ಟುಬಿಡಲು ಆದೀತೇ?” ಎಂದರು. ಐರಿಶ್ ಸಭ್ಯತೆಯಲ್ಲಿ ಅದು ಅಪ್ಪಣೆ. “ಅವರಿಗೆ ಮುಜುಗರವಾಗುತ್ತದೆ. ಮುಂದಿನ ವರ್ಷದ ಕಾಂಟ್ರ್ಯಾಕ್ಟ್ ಅವರ ಕೈಯಲ್ಲಿದೆ.” ಅಂದು ಅವರ ಬಾಯಲ್ಲಿ ಗ್ರ್ಯಾಂಡ್ ಬರಲಿಲ್ಲ.

ಸಂಜೆ ಮನೆಯಲ್ಲಿ ಹೇಳಿದೆ. ಗಂಡ ಬೆಳ್ಳುಳ್ಳಿ ಸುಲಿಯುತ್ತಿದ್ದರು. “ಒಂದು ಪ್ಯಾರಾ ತಾನೆ? ತೆಗೆದಾಕು ಅತ್ಲಾಗೆ. ಊರೋರ ಉಸಾಬರಿ ನಿಂಗ್ಯಾಕೆ?”

“ರೀ, ಆಪರೇಷನ್ ಟೇಬಲ್ ಮೇಲೆ ಪೇಷಂಟು ಸುಮ್ನೆ ಮಲ್ಗಿದ್ರೆ ಒಪ್ಕೊಂಡ ಅಂತ ಕುಯ್ದು ಬಿಡ್ತೀರಾ? ಮೊದ್ಲೇ ಕೇಳಿ ಸೈನ್ ತಗೊಳಲ್ವಾ?”

ಅವರು ಬೆಳ್ಳುಳ್ಳಿ ಕೆಳಗಿಟ್ಟರು. “ಅದು ಬೇರೆ.”

“ಏನೂ ಬೇರೆ ಅಲ್ಲ.”

“ಕೆಲ್ಸ ಹೋಗ್ತೈತೆ ಕಣೆ.”

“ಹೋಗ್ಲಿ.”

ಹೋಗಲಿ ಎಂದದ್ದು ಧೈರ್ಯದಿಂದಲ್ಲ, ಸಿಟ್ಟಿನಿಂದ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಪ್ರಜಾಪ್ರಭುತ್ವ ಕಲಿಸುತ್ತೇವೆಂದು ವಿಮಾನದ ಟಿಕೆಟ್ಟು ಕೊಟ್ಟು ಕರೆಸಿ, ಅದರ ಒಂದೇ ಒಂದು ಪ್ರಶ್ನೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕಲಿಸಿ ಕಳಿಸುವುದೆಂದರೇನು? ಆ ಪ್ರಶ್ನೆ ತೆಗೆದರೆ ಉಳಿಯುವುದು ಒಳ್ಳೆಯ ಕುರ್ಚಿಗಳಿರುವ ಒಂದು ದೊಡ್ಡ ಕೋಣೆ, ಅಷ್ಟೇ.

ಕೊನೆಯ ದಿನದ ಸಭೆಯಲ್ಲಿ ಡೆಕ್ಲನ್ ಇದ್ದರು, ಯಜಮಾನರು ಇದ್ದರು, ಎಲ್ಲರ ಮುಂದೆಯೂ ವರದಿಯ ಕರಡು ಇತ್ತು. ನಾನು ಎದ್ದು ನಿಂತೆ. “ಒಂದು ಪ್ಯಾರಾದ ಬಗ್ಗೆ ಭಿನ್ನಾಭಿಪ್ರಾಯ ಇದೆಯಂತೆ,” ಎಂದೆ. “ನಾವು ಇಷ್ಟು ದಿನ ಸಂಸತ್ತಿನ ಕ್ರಮ ಕಲಿತೆವು. ಹಾಗೆಯೇ ತೀರ್ಮಾನಿಸೋಣ. ಈ ಪ್ಯಾರಾ ಉಳಿಯಬೇಕು ಎನ್ನುವವರು ಹೌದು ಎನ್ನಿ.” ಮೀರಾ ಹೌದು ಎಂದಳು. ಹಿಂದಿನ ಸಾಲಿನವರು ಹೌದು ಎಂದರು. ನಾನು ಯಜಮಾನರ ಕಡೆ ತಿರುಗಿದೆ. “ವಿರುದ್ಧವಾಗಿರುವವರು ಇಲ್ಲ ಎನ್ನಿ.”

ಅವರ ಪಾಡು ನೋಡಬೇಕಿತ್ತು. ಎರಡನೆಯ ಪ್ರಶ್ನೆಯೇ ಬೇಡ ಎನ್ನಬೇಕಾದರೆ ಅವರು ಎರಡನೆಯ ಪ್ರಶ್ನೆಗೆ ಉತ್ತರ ಕೊಡಬೇಕಿತ್ತು, ಅದೂ ಎಲ್ಲರೆದುರು, ಬಾಯಿಬಿಟ್ಟು. ಇಡೀ ವೃತ್ತಿಯಲ್ಲಿ ಅವರು ಆ ಪದವನ್ನು ಸಭೆಯಲ್ಲಿ ಆಡಿರಲಿಕ್ಕಿಲ್ಲ. ಸೂರು ನೋಡಿದರು, ಟೈಪಿನ್ ಸರಿ ಮಾಡಿಕೊಂಡರು. ನಾನು ಕಾದೆ. ಉತ್ತರ ಬರುವಷ್ಟು ಹೊತ್ತು ಕಾಯಬೇಕೆಂದು ಅದೇ ಪ್ಯಾರಾದಲ್ಲಿ ಬರೆದಿದ್ದೆನಲ್ಲ. ಕೊನೆಗೆ, “ಪ್ಯಾರಾ ಉಳಿಯುತ್ತದೆ,” ಎಂದು ಕುಳಿತೆ. ಡೆಕ್ಲನ್ ತಲೆ ತಗ್ಗಿಸಿದರು. ಅವರು ನಗು ತಡೆಯುತ್ತಿದ್ದರೆಂದು ನನಗೆ ಇಂದಿಗೂ ಅನುಮಾನ.

ಕಾಂಟ್ರ್ಯಾಕ್ಟ್ ಬರಲಿಲ್ಲ. ನನ್ನ ಕೆಲಸವೂ ಉಳಿಯಲಿಲ್ಲ. ಡೆಕ್ಲನ್ ಬೇಜಾರಿನಿಂದಲೇ ಬೀಳ್ಕೊಟ್ಟರು, ನಾನು ಬೇಜಾರಿಲ್ಲದೆ ಹೊರಟೆ. ಮನೆಯಲ್ಲೇ ಕುಳಿತು ಧ್ವನಿಮುದ್ರಣಗಳನ್ನು ಅಕ್ಷರಕ್ಕಿಳಿಸುವ ಕೆಲಸ ಹಿಡಿದೆ. ಇವತ್ತಿಗೂ ಅದೇ ನನ್ನ ಅನ್ನ.

ಮಸೂದೆಯ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿಟ್ಟು ಅವರ ಸಂಸತ್ತಿನ ನೇರ ಪ್ರಸಾರ ನೋಡಿದೆ. ಆ ಭಾಷೆಯ ಒಂದು ಪದವೂ ನನಗೆ ಬಾರದು. ಪೀಠದಲ್ಲಿ ಮುದುಕರು ಹಾಳೆ ಓದುತ್ತಿದ್ದರು. ಪೀಠದ ಕೆಳಗೆ ಬಿಗಿಯಾಗಿ ಕಟ್ಟಿದ ಕೂದಲು ಕಂಡಿತು. ಮೊದಲನೆಯ ವಾಕ್ಯ ಮುಗಿಯಿತು, ಚಪ್ಪಾಳೆ. ಮುದುಕರು ತಲೆಯೆತ್ತದೆ ಇನ್ನೊಂದು ವಾಕ್ಯ ಓದಿದರು. ಅದಕ್ಕೂ ಚಪ್ಪಾಳೆ ಶುರುವಾಗಿ, ತಾನೇ ಗಾಬರಿಯಾದಂತೆ ನಡುವೆ ನಿಂತುಹೋಯಿತು. ಮುದುಕರು ಹಾಳೆ ನೋಡಿದರು. ಕೆಳಗೆ ಬಾಗಿ ಮೀರಾಳನ್ನು ನೋಡಿದರು. ಅವಳು ಅಲ್ಲಾಡಲಿಲ್ಲ. ಅವರು ಮತ್ತೆ ಅದೇ ವಾಕ್ಯ ಓದಿದರು. ಹಿಂದಿನ ಬೆಂಚಿನಿಂದ ಯಾರೋ ಒಂದು ಸಣ್ಣ ಪದ ಹೇಳಿದರು. ಇನ್ನೊಬ್ಬರು. ಬಲಗಡೆಯಿಂದ ಮತ್ತೊಬ್ಬರು. ಯಾವ ಪದವೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಲೆ ಮೇಲೆ ಹಾಲು ಉಕ್ಕಿ ಹರಿಯಿತು, ನಾನು ಎದ್ದು ಹೋಗಲಿಲ್ಲ.

ಮಸೂದೆ ಪಾಸಾಯಿತು. ಭಾರೀ ಬಹುಮತ. ಮೀರಾಳನ್ನು ಕಟ್ಟಡದ ನೆಲಮಾಳಿಗೆಗೆ, ಹಳೆಯ ಕಾಗದ ಪತ್ರಗಳ ವಿಭಾಗಕ್ಕೆ ಹಾಕಿದರು. ವರದಿಯ ಪ್ಯಾರಾ ತೋರಿಸಿದ್ದರಿಂದ ಕೆಲಸದಿಂದಲೇ ತೆಗೆಯಲು ಆಗಲಿಲ್ಲವಂತೆ. ‘ಇಲ್ಲಿ ಬೇಸಿಗೆಯಲ್ಲೂ ತಂಪು’ ಎಂದು ಒಂದು ಸಂದೇಶ ಬಂತು. ಆಮೇಲೆ ಆ ನಂಬರೇ ಸತ್ತುಹೋಯಿತು.

“ಬಿಲ್ಲು ಪಾಸ್ ಆಯ್ತಲ್ಲ, ಏನು ಸಾಧಿಸ್ದಂಗಾಯ್ತು ನೀವಿಬ್ರೂ?” ಎಂದು ಗಂಡ ಕೇಳಿದರು. ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲು.

“ಸರ್ವಾನುಮತ ಆಗ್ಲಿಲ್ಲ,” ಎಂದೆ.

ಆಮೇಲೆ ಎಷ್ಟೋ ಜನ ಇದೇ ಪ್ರಶ್ನೆ ಕೇಳಿದ್ದಾರೆ, ನೀವೂ ಈಗ ಮನಸ್ಸಿನಲ್ಲೇ ಕೇಳುತ್ತಿರಬಹುದು. ನನ್ನ ಉತ್ತರ ಬದಲಾಗಿಲ್ಲ. ಸೋಲುವುದು ಬೇರೆ, ಗೆದ್ದವರ ಲೆಕ್ಕದಲ್ಲಿ ನಮ್ಮನ್ನೂ ಸೇರಿಸಿ ಎಣಿಸುವುದು ಬೇರೆ. ಮೊದಲನೆಯದನ್ನು ಸಹಿಸಬಹುದು. ಎರಡನೆಯದನ್ನು ನಾನಂತೂ ಸಹಿಸಲಾರೆ. ಇಷ್ಟು ಹೇಳಿಯೂ, ಮೀರಾಳ ಸುದ್ದಿಯಿಲ್ಲದ ವರ್ಷಗಳಲ್ಲಿ, ಆ ಪ್ಯಾರಾ ನನಗೆ ಕೊಟ್ಟ ಹೆಮ್ಮೆಯ ಬೆಲೆಯನ್ನು ಅವಳು ತೆತ್ತಳಲ್ಲ ಎಂದು ಸಂಕಟಪಟ್ಟದ್ದೂ ಉಂಟು.

ಈಗ ಡೆಕ್ಲನ್ ನಿವೃತ್ತರು. ಅವರ ಜಾಗಕ್ಕೆ ಬಂದ ಈಫಾ ಎಂಬ ಚುರುಕು ಹೆಣ್ಣುಮಗಳು ಹೋದ ವಾರ ಫೋನು ಮಾಡಿ, ಅದೇ ದೇಶದಿಂದ ಹೊಸ ತಂಡ ಬಂದಿದೆ, ಹಳೆಯ ಕಡತದಲ್ಲಿ ನಿಮ್ಮ ಹೆಸರು ಕಂಡೆ, ಒಂದು ಪಾಠ ಮಾಡುತ್ತೀರಾ ಎಂದಳು. ಹಾಗೆ ನಾನು ಮಂಗಳವಾರ ಟ್ರಾಮು ಹತ್ತಿದ್ದು. ಸ್ಯಾಂಡಿಫರ್ಡಿನಲ್ಲಿ ಇಳಿದು ಕೊಡೆ ಬಿಚ್ಚಿ ನಡೆದೆ. ಕೋಣೆಯ ಬಾಗಿಲಲ್ಲಿ ಈಫಾ ತಡೆದಳು. ಮುಖದಲ್ಲಿ ಸಂಕೋಚ. “ಅವರ ಮೇಲಧಿಕಾರಿಗಳಿಂದ ಒಂದು ಕೋರಿಕೆ ಬಂದಿದೆ. ಮತದಾನದ ಭಾಗ ಈ ಸಲ ಬಿಟ್ಟು ಉಳಿದದ್ದನ್ನು ಮಾಡಲು ಆದೀತೇ?”

“ಆಗುವುದಿಲ್ಲ,” ಎಂದೆ. ‘ನೋಡೋಣ’ ಎನ್ನಲಿಲ್ಲ. ಅವಳು ನನ್ನನ್ನೇ ನೋಡಿ ನಿಟ್ಟುಸಿರುಬಿಟ್ಟು, “ಗ್ರ್ಯಾಂಡ್ ಸೋ,” ಎಂದು ಬಾಗಿಲು ಬಿಟ್ಟಳು.

ಒಳಗೆ ಎಲ್ಲ ಚಿಕ್ಕ ವಯಸ್ಸಿನವರು. ನಾನು ನೇರವಾಗಿ ಹೇಳಿದೆ: “ಒಂದು ವಿಷಯವನ್ನು ಬಿಡಬೇಕೆಂದು ನನಗೆ ಹೇಳಿದ್ದಾರೆ. ನಾನು ಅದನ್ನೇ ಮೊದಲು ಕಲಿಸಬೇಕೆಂದಿದ್ದೇನೆ. ಒಪ್ಪುವವರು?” ಹೌದು ಎಂಬ ದನಿಗಳು ಬಂದವು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎರಡನೆಯ ಪ್ರಶ್ನೆಗೆ ನಾನು ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನ ಯುವತಿ ಪಕ್ಕದವಳಿಗೆ ಏನೋ ಪಿಸುಗುಟ್ಟಿದಳು, ಅದರಲ್ಲೊಂದು ಪದ ನನ್ನ ಕಿವಿಗೆ ತಾಗಿತು.

“ಏನೆಂದಿರಿ?” ಎಂದೆ.

ಅವಳು ಕೆಂಪಾದಳು. “ಕ್ಷಮಿಸಿ. ನೀವು ಈಗ ‘ಇಲ್ಲ’ ಕೇಳುತ್ತೀರಿ ಎಂದೆ. ನಮ್ಮ ಆಫೀಸಿನಲ್ಲಿ ಎರಡನೆಯ ಪ್ರಶ್ನೆಗೆ ಹಾಗೆನ್ನುತ್ತೇವೆ. ಸಭಾಧ್ಯಕ್ಷರ ಹಾಳೆ ಸಿದ್ಧವಾದಾಗ, ‘ಇಲ್ಲ’ ಹಾಕಿದೆಯಾ ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಹಾಕದಿದ್ದರೆ ಹಾಳೆ ಕೆಳಗಿನಿಂದ ವಾಪಸು ಬರುತ್ತದೆ.”

“ಕೆಳಗಿನಿಂದ?”

“ನೆಲಮಾಳಿಗೆಯಿಂದ. ಅಲ್ಲಿ ಒಬ್ಬರು ಮೇಡಂ ಇದ್ದಾರೆ. ಹೊಸಬರಿಗೆಲ್ಲ ಅವರೇ ಕೆಲಸ ಕಲಿಸುವುದು, ಹಾಳೆಯನ್ನೂ ಮೊದಲು ಅವರಿಗೇ ತೋರಿಸುತ್ತೇವೆ, ಮೇಲಿನವರಿಗೆ ಗೊತ್ತಿಲ್ಲ. ಆ ಪದ ಯಾವ ಭಾಷೆಯದು ಎಂದು ಕೇಳಿದರೆ ಹೇಳುವುದಿಲ್ಲ. ಕೈಯಿಂದ ಬಾಯಿ ಮುಚ್ಚಿಕೊಂಡು ನಗುತ್ತಾರೆ.”

ನಾನು ಬೋರ್ಡಿನ ಕಡೆ ತಿರುಗಿದೆ. ಕಣ್ಣು ತುಂಬಿ ಬಂದಿತ್ತು, ಅದನ್ನು ಆ ಮಕ್ಕಳು ನೋಡುವುದು ನನಗೆ ಬೇಕಿರಲಿಲ್ಲ. ಪೆನ್ನು ತೆಗೆದು ಕನ್ನಡದಲ್ಲಿ ದೊಡ್ಡದಾಗಿ ಬರೆದೆ, ಎರಡೇ ಅಕ್ಷರ. “ಈ ಭಾಷೆಯದು,” ಎಂದೆ. “ಈಗ ಎಲ್ಲರೂ ಸರಿಯಾಗಿ ಹೇಳಿ. ಲಕಾರಕ್ಕೆ ಒತ್ತು ಕೊಡಬೇಕು.” ಹೇಳಿದರು. ಗಾಜಿನ ಬಾಗಿಲಾಚೆ ಈಫಾ ತಲೆಯೆತ್ತಿ ನೋಡಿದಳು.

“ಇನ್ನೂ ಜೋರಾಗಿ,” ಎಂದೆ.